ಒಂಬತ್ತನೇ ಖೋಲಿಯ ಸನ್ಮಾನ

...ಬಾಗಿಲದಿಂದ ಬರೂದಿಲ್ಲವಾ ನೀರು, ಅದೊಂದು ತಪ್ಪು ತಿಳವಳಿಕಿ. ಎಲ್ಲಾರೂ ಬಾಗಿಲಕ್ಕ ಗೋಣಿಚೀಲ ಒತ್ತಿ ಅದನ್ನ ನೋಡಕೋತ ಕುಂಡರತಾರ, ಅದು ಮೋರಿಯಿಂದ ಬರತೈತಿ. ಮೋರಿ ಅಂದ್ರ, ಠಾಣೆ ಊರಾಗ ಘೋಡಬಂದರ್ ರಸ್ತಾದ ನಿಮ್ಮ ಫ್ಲ್ಯಾಟಿನಾಗ ಇಲ್ಲ ಬಿಡು, ಇಲ್ಲಿ ನನ್ನ ಖೋಲಿಯೊಳಗ ಮೂಲ್ಯಾಗ ಭಾಂಡೆ ತೊಳಿಯೂ ಜಾಗಾ ಐತಲ್ಲ, ಅದು. ಅದರ ತೂತಿನಿಂದ ಗುಳು ಗುಳು ಅಂತ, ಕರೀಲಾರದ ಬೀಗರು ಹಿತ್ತಲದಿಂದ ಒಳಗ ಬಂದಂಗ ಬರತೈತಿ. ನಾ ಬಾಗಿಲ ಕಾಯಕೋತ ಕುಂತಿದ್ದೆ. ಹಿಂದ ಹೊಳ್ಳಿ ನೋಡ್ತೀನಿ, ನನ್ನ ಚಪ್ಪಲಿ ನನ್ನ ಕಡೆನ ತೇಲಕೋತ ಬರಾಕ ಹತ್ಯಾವು. ಯಾವ ವರ್ಷ ಅಂತೀಯಾ? ನೀ ಆಗ ಬಾಲವಾಡಿಗೆ ಹೋಗ್ತಿದ್ದಿ, ಇಂವ ನಿನ್ನ ತಮ್ಮ ಹುಟ್ಟಿರಲೇ ಇಲ್ಲ. ಅಲ್ಲ ಅಲ್ಲ, ಹುಟ್ಟಿದ್ದ, ತೊಟ್ಟಿಲದಾಗ ಇದ್ದ, ಯಾಕಂದ್ರ ನಿಮ್ಮವ್ವಗ ಬಾಣಂತನದ ಖಾರ ನಾನ ಕುಟ್ಟಿ ಕಳಿಸಿದ್ದೆ.

ನಿಮಗ ನಗು ಬರತೈತಿ, ಆದ್ರ ನನಗ ಆವತ್ತು ನೀರಿನ ಹೆದರಿಕಿ ಇರಲಿಲ್ಲ. ನಿಮ್ಮಪ್ಪನ ಹೆದರಿಕಿ. ಯಾಕಂದ್ರ ನಮ್ಮಿಬ್ಬರ ನಡುವ ಒಂದು ಕರಾರು ಆಗಿತ್ತು. ಪ್ರತಿ ಮಳೆಗಾಲದಾಗ ಫೋನ್ ಮಾಡಿ, "ಅವ್ವಾ, ಹೊಳಿ ದಂಡಿ ಮ್ಯಾಲಿನ ಸಾಲುಖೋಲಿ ಚಾಳ ಅದು, ಒಂದು ಸಲ, ಒಂದೇ ಸಲ ಆ ಖೋಲಿಯೊಳಗ ನೀರು ಹೊಕ್ಕತು ಅಂದ್ರ ಮುಗೀತು ನೋಡು, ನಾ ಟೆಂಪೋ ತಗೊಂಡು ಬರಾಂವ, ಸಾಮಾನು ತುಂಬಾಂವ, ನಿನ್ನ ಠಾಣೆಗೆ ನಮ್ಮ ಮನಿಗೆ ಕರಕೊಂಡು ಹೋಗಾಂವ" ಅಂತಿದ್ದ. ನಾ ನಕ್ಕೋತ "ಆತಪಾ, ಹೊಕ್ಕರ ಬರತೀನಿ" ಅಂದುಬಿಟ್ಟಿದ್ದೆ. ಮಾತು ಕೊಟ್ಟಂಗ ಆತಲ್ಲ! ನಿಮ್ಮ ಮನಿ ಕೆಟ್ಟದ್ದು ಅಂತಲ್ಲ. ಇಪ್ಪತ್ತೊಂದನೇ ಮಜಲೆ, ಗಾಳಿ ಐತಿ, ಲಿಫ್ಟ್ ಐತಿ, ನಿಮ್ಮವ್ವ ಒಳ್ಳೇಕಿ ಅದಾಳ. ಆದ್ರ ಅಲ್ಲಿ ನಾ ರೊಟ್ಟಿ ಬಡದ್ರ ಕೆಳಗಿನ ಮನಿಯವರು ಸೊಸೈಟಿಗೆ ಅರ್ಜಿ ಕೊಡ್ತಾರ. ಒಮ್ಮೆ ಕೊಟ್ಟಿದ್ರು, ಗೊತ್ತೇನು? ನಾಕು ದಿನ ಇರಾಕ ಬಂದಾಗ ಹತ್ತೇ ಹತ್ತು ರೊಟ್ಟಿ ಬಡದೆ, ವಾಚಮನ್ ಬಂದ, "ಆಜಿ, ಡ್ರಿಲ್ಲಿಂಗ್ ಕಾ ಟೈಮ್ ನಹೀ ಹೈ" ಅಂದ, ಗ್ವಾಡಿ ಕೊರಿಯೂ ಹೊತ್ತಲ್ಲ ಇದು ಅಂತ. ರೊಟ್ಟಿ ಬಡೀಲಾರದ ನಾ ಏನು ಮಾಡಲಿ? ನಿಮ್ಮಜ್ಜ ತೀರಿಕೊಂಡಾಗ ನಿಮ್ಮಪ್ಪಗ ಒಂಬತ್ತು ವರ್ಷ. ಅವರು ದುಡೀತಿದ್ದ ಉಲ್ಹಾಸನಗರದ ವರ್ಕಶಾಪಿನವರು ಒಂದು ಹಾರ ಕಳಿಸಿದ್ರು, ಅಷ್ಟ. ಆವಾಗಿಂದ ಈ ಖೋಲಿಯೊಳಗ ಇದs ಕಲ್ಲು, ಇದs ಹಂಚು, ಇದs ಕೈ, ರೊಟ್ಟಿ ಮಾರಿ ನಿಮ್ಮಪ್ಪನ್ನ ಬೆಳಸಿದೆ. ಓದೂದು ಸೈತ ಇಲ್ಲೇ ಕಲ್ತೆ. ರೊಟ್ಟಿ ಸುತ್ತೂ ಕನ್ನಡ, ಮರಾಠಿ ರದ್ದಿ ಪೇಪರಿನಾಗ, ಒಂದೊಂದು ಅಕ್ಷರ ಹಿಡಕೊಂಡು. ಎಷ್ಟೋ ಸುದ್ದಿ ಅರ್ಧಾನ ಓದೀನಿ, ಉಳಿದರ್ಧ ಗಿರಾಕಿ ಮನಿಗೆ ಹೋಗೇತಿ. ಇಂಥಾ ಖೋಲಿ ಬಿಟ್ಟು ಲಿಫ್ಟಿನಾಗ ಮ್ಯಾಲ ಕೆಳಗ ಓಡ್ಯಾಡಕೋತ ಕುಂಡರಲೇನು?

"ಆಜಿ, ಫಿರ್ ಕ್ಯಾ ಹುಆ?" ಅಂತ, ಮುಂದೇನಾತು ಅಂತ. ಹೇಳ್ತೀನಿ ತಡಿ, ಕನ್ನಡದಾಗ ಕೇಳಿದ್ರ ಇನ್ನೂ ಲಗೂನ ಹೇಳ್ತಿದ್ದೆ.

ನೀರು ಸೊಂಟದ ಮಟಾ ಬಂತು. ಎರಡು ಚೀಲ ಜ್ವಾಳದ ಹಿಟ್ಟು, ಹಂಚು, ಇವಷ್ಟು ಮೊದಲ ಪೋಟಮಾಳಾದ ಮ್ಯಾಲ ಇಟ್ಟಿದ್ದೆ, ಅದs, ಸೂರಿನ ಕೆಳಗ ಅಟ್ಟ ಐತಲ್ಲ. ಉಳಿದದ್ದು, ಗಾದಿ, ಸೀರಿ, ಟೀವಿ, ನಿಮ್ಮಜ್ಜನ ಫೋಟೋ, ಎಲ್ಲಾ ಹೊಳಿ ಪಾಲು. ಕೆಳಗಿನ ಖೋಲಿಯವರೆಲ್ಲಾ ಮ್ಯಾಲಿನ ಮಜಲೆಯ ವಂದನಾತಾಯಿ ಜಿನೇದ ಮ್ಯಾಲ, ಅಂದ್ರ ಅಕಿ ಮನಿ ಪಾವಟಿಗಿ ಮ್ಯಾಲ, ಕೋಳಿ ಕುಂತಂಗ ಸಾಲಾಗಿ ಕುಂತಿವಿ. ಮರುದಿನ ಮುಂಜಾನೆ ನೀರು ಮೊಣಕಾಲಿಗೆ ಇಳಿದಿತ್ತು. ಇಳದು ಒಳಗ ಹೋಗಿ ನಿಂತೀನಿ, ಫೋನ್ ಬಂತು. ನಿಮ್ಮಪ್ಪ. "ಅವ್ವಾ, ಟೀವಿಯೊಳಗ ನಿಮ್ಮ ಕಲ್ಯಾಣ ಊರು ತೋರಸಾಕ ಹತ್ಯಾರ, ನಿನ್ನ ಕಡೆ ನೀರು ಬಂತೇನು?" ಅಂದ. ನಾ ಅಂದೆ, "ಎಲ್ಲಿ ನೀರಪಾ, ನಿನ್ನೆಯಿಂದ ನಳಕ್ಕೂ ನೀರು ಬಂದಿಲ್ಲ." ಖರೇನ ಹೇಳಿದೆ ನೋಡು, ನಳಕ್ಕ ಬಂದಿರಲಿಲ್ಲ. ಠಾಣೆ ಕಡೆ ರಸ್ತಾ ಬಂದ್, ರೈಲು ಬಂದ್, ಆಂವಗ ಬಂದು ನೋಡಾಕ ಆಗೂದಿಲ್ಲ, ನಂಬಿದ.

ಆಂವ ಇಟ್ಟ, ಇನ್ನೊಂದು ಫೋನ್ ಬಂತು. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ, ಕುಲಕರ್ಣಿ ಮಾಸ್ತರು. ಧಾರವಾಡದವರು, ಸಾಲಿ ಮಾಸ್ತರಕಿ ಮಾಡಿ ರಿಟೈರ್ ಆದವರು, ಈಗೂ ಎಲ್ಲಾರಿಗೂ ಹಾಜರಿ ಕರದಂಗ ಮಾತಾಡ್ತಾರ. "ನೀಲಕ್ಕಾರ, ಹೊಳಿ ದಂಡಿ ಚಾಳಿಗೋಳು ಮುಳಗ್ಯಾವಂತ್ರೀ. ನಾವೂ ಹೊಟ್ಟಿಪಾಡಿಗೆ ಈ ಊರಿಗೆ ಬಂದವರು, ಊರಿನ ಕಷ್ಟಕ್ಕ ಸಂಘ ನಿಲ್ಲಬೇಕಾಗ್ತದ. ನೀವು ಬಂದು ರೊಟ್ಟಿ ಮಾಡಿಕೊಡಬೇಕು. ನಿಮ್ಮ ಮನಿಗೇನೂ ತೊಂದರಿ ಇಲ್ಲಲ್ಲ?" ನಾ ಮೊಣಕಾಲು ನೀರಿನಾಗ ನಿಂತೀನಿ, ನನ್ನ ಸಕ್ಕರಿ ಡಬ್ಬಿ ನನ್ನ ಮುಂದ ತೇಲಕೋತ ಹೊಂಟೇತಿ. "ನಮ್ಮದು ಮ್ಯಾಲ ಐತ್ರಿ ಮಾಸ್ತರ, ಏನೂ ಆಗಿಲ್ಲ, ಬರತೀನಿ" ಅಂದೆ. ಯಾಕ ಹಂಗಂದೆ? ಸಂಘದ ಫೋನಿನ ಗ್ರೂಪಿನಾಗ ನಿಮ್ಮಪ್ಪನೂ ಇದ್ದ. ಮಾಸ್ತರಗ ಹೇಳೂದೂ ಒಂದೇ, ನಿಮ್ಮಪ್ಪನ ಟೆಂಪೋಕ್ಕ ಕೈ ಮಾಡೂದೂ ಒಂದೇ.

ವಂದನಾತಾಯಿ ಗಂಡ ಒಂದು ಚೀಲ ಹೊತ್ತ, ನಾ ಒಂದು ಹೊತ್ತೆ, ದೊಡ್ಡ ರಸ್ತಾದ ಮಟಾ ನಡಕೋತ ಹೋಗಿ ರಿಕ್ಷಾ ಹತ್ತಿದೆ. ಹಿಟ್ಟು ಒಣಾ ಇತ್ತು, ನಾ ತೊಯ್ದಿದ್ದೆ. ಸಂಘದ ಹಾಲಿಗೆ ಹೋಗಿ ನೋಡ್ತೀನಿ, ಮೀಟಿಂಗ್ ನಡದೈತಿ. ಅಧ್ಯಕ್ಷರು ಸುಧಾಕರ ಶೆಟ್ಟರು, ಉಡುಪಿ ಕಡೆಯವರು, ಸ್ಟೇಶನ್ ಹಂತೇಕ ಹೋಟೆಲು ಐತಿ. ಅವರು ಅಂತಾರ, "ಎಂತ ಮಾರಾಯ್ರೆ, ನೆರೆಯಲ್ಲಿ ಕೂತವರಿಗೆ ಒಣ ರೊಟ್ಟಿ ಕೊಡುದಾ? ಬಿಸಿ ಬಿಸಿ ಅನ್ನ, ಸಾಂಬಾರು ಕೊಡುವ, ನಮ್ಮ ಕಿಚನ್ ಉಂಟಲ್ಲ." ಮಾಸ್ತರು, "ಶೆಟ್ಟರ, ಅನ್ನ ಸಂಜೀಕ ಹಳಸ್ತದ. ಕಡಕ ರೊಟ್ಟಿ ತಿಂಗಳಿಟ್ಟರೂ ಏನೂ ಆಗೂದಿಲ್ಲ." "ಅಲ್ಲ ಮಾಸ್ಟ್ರೇ, ತಿಂಗಳಿಡ್ಲಿಕ್ಕೆ ಅವರಿಗೆ ಈಗ ಶೆಲ್ಫ್ ಎಲ್ಲುಂಟು? ಹಲ್ಲಾದ್ರೂ ಉಂಟಾ ಎಲ್ಲರಿಗೂ?" ಹಿಂಗ. ಕರಾವಳಿಯವರೆಲ್ಲಾ ಅನ್ನದ ಕಡೆ, ನಮ್ಮ ಕಡೆಯವರೆಲ್ಲಾ ರೊಟ್ಟಿ ಕಡೆ. ಅತ್ತ ಮಂದಿ ಉಪಾಸ, ಇತ್ತ ಇವರು ಮುಳುಗಿದವರ ಹಲ್ಲು ಎಣಸಾಕ ಹತ್ಯಾರ. ನಾ ಕೇಳಲಿಲ್ಲ, ಹಿಂದಿನ ಅಡಗಿಮನ್ಯಾಗ ಹೋಗಿ ಕಲ್ಲು ಹಾಕ್ಕೊಂಡು ಬಡಿಯಾಕ ಶುರು ಮಾಡಿದೆ. ಠಪ ಠಪ ಠಪ ಅಂತ ಸಪ್ಪಳಕ್ಕ ಅವರ ಮಾತು ಅವರಿಗೇ ಕೇಳಸದಂಗ ಆತು, ಆವಾಗ ಎರಡೂ ಕೊಡೂದು ಅಂತ ಠರಾವು ಆತು. ಮುಂದ ಎಲ್ಲಾರಿಗೂ ಅದು ಶೆಟ್ಟರ ದೊಡ್ಡ ಮನಸು ಅಂತ ಮಾಸ್ತರು ಭಾಷಣದಾಗ ಹೇಳಿದ್ರು.

ಆಮ್ಯಾಲ ಬಟ್ಟಿ ಮಾತು ಬಂತು. ತೊಯ್ದ ಮಂದಿಗೆ ಹೊದಕಿ ಬೇಕಲ್ಲ. ಮಾಸ್ತರು ಗ್ರೂಪಿನಾಗ ಬರದ್ರು: ಹರಕು ಬಟ್ಟಿ ಕಳಿಸಬ್ಯಾಡ್ರಿ, ಮಂದಿಗೆ ಅವಮಾನ ಆಗ್ತದ. ಮನ್ಯಾಗ ಹೊಸಾದು, ಸ್ವಚ್ಛ ಇದ್ದದ್ದು, ನೀವು ಉಪಯೋಗಸದ ಇಟ್ಟ ಹೊದಕಿ ಇದ್ರ ಕೊಡ್ರಿ. ಈಗ ನೀನ ಹೇಳು, ನಮ್ಮ ಸಂಘದ ಮಂದಿ ಮನ್ಯಾಗ ಹೊಸಾದು, ಸ್ವಚ್ಛ, ಎಂದೂ ಉಪಯೋಗಸಲಾರದ್ದು ಏನಿರತೈತಿ? ಸನ್ಮಾನದ ಶಾಲು! ಮೂವತ್ತು ವರ್ಷದಿಂದ ಒಬ್ಬರಿಗೊಬ್ಬರು ಹೊದಿಸಿ ಹೊದಿಸಿ ಕಪಾಟ ತುಂಬಿದ್ವು. ಸಂಜಿ ಅನ್ನೂದರಾಗ ಹಾಲಿನಾಗ ಗುಡ್ಡಾ ಬಿತ್ತು. ಜರಿ ಅಂಚಿನ ಕೆಂಪು, ಹಸರು, ಬಂಗಾರ ಬಣ್ಣ. ಅದರ ಕೂಡ ಮೈಸೂರು ಪೇಟ! ಪೇಟ ಯಾರು ಕೇಳಿದ್ರು? ಯಾರೂ ಕೇಳಿಲ್ಲ, ಶಾಲಿನ ಗಂಟಿನಾಗ ತಾನ ಬಂದಾವು. ಏಲಕ್ಕಿ ಹಾರ, ಗಾಜಿನ ಸ್ಮರಣಿಕಿ. ಒಬ್ಬರು ತಮ್ಮ ಹೆಸರು ಕೆತ್ತಿದ ತಾಟ ಕಳಿಸಿದ್ರು, ಮಂದಿ ಉಂಡಾರು ಅಂತ. ನಾ ಕೈ ಒರಸಿಕೊಂಡು ಹೋಗಿ ಪಿನ್ ಹಚ್ಚಿದ ಚೀಟಿ ಒಂದೊಂದೇ ಓದಿದೆ. ಕುಲಕರ್ಣಿ ಮಾಸ್ತರಿಗೆ ಶೆಟ್ಟರಿಂದ. ಶೆಟ್ಟರಿಗೆ ಮಾಸ್ತರರಿಂದ. ಮತ್ತ ಮಾಸ್ತರಿಗೆ. ಅಷ್ಟು ಗುಡ್ಡದಾಗ ನನ್ನದೊಂದೂ ಇರಲಿಲ್ಲ. ಇಪ್ಪತ್ತು ವರ್ಷ ರಾಜ್ಯೋತ್ಸವದ ಊಟಕ್ಕ ರೊಟ್ಟಿ ನಂದು. ಸ್ಟೇಜಿನ ಮ್ಯಾಲಿಂದ "ರೊಟ್ಟಿ ಬಹಳ ಚಲೋ ಆಗ್ಯಾವ" ಅಂತಿದ್ರು. ರೊಟ್ಟಿಗೆ ಹೇಳ್ತಿದ್ರು, ನನಗಲ್ಲ. ನನಗ ಅದರದೇನೂ ಬ್ಯಾಸರಿಲ್ಲ ಮತ್ತ. ಇದ್ದಿದ್ರ ಇಷ್ಟು ವರ್ಷ ಎಣಸಿಟ್ಟಿರ್ತಿದ್ದೆ. ಇಪ್ಪತ್ತೊಂದು ವರ್ಷ ಅದು, ಇಪ್ಪತ್ತಲ್ಲ.

ಎರಡು ದಿನ ಅಲ್ಲೇ ಇದ್ದೆ. "ಮನಿಗೆ ಹೋಗಿ ಬರ್ರಿ ನೀಲಕ್ಕಾರ" ಅಂದ್ರ, "ಹೋಗಿ ಬರೂದರಾಗ ಐವತ್ತು ರೊಟ್ಟಿ ಆಗ್ತಾವ್ರಿ" ಅಂತಿದ್ದೆ. ಎಲ್ಲಾರೂ ನನ್ನ ಸೇವಾ ನೋಡಿ ಕೈ ಮುಗದ್ರು. ಒಬ್ಬಾಕಿ ಮಾತ್ರ ಮುಗೀಲಿಲ್ಲ, ಶೆಟ್ಟರ ಹೆಣತಿ ಜಲಜಕ್ಕ. ರೊಟ್ಟಿ ಒಣಗಿಸಿ ಅಡಕಲಿ ಮಾಡಕೋತ ನನ್ನ ಸೀರಿನ ನೋಡಾಕ ಹತ್ತಿದ್ದಳು. "ನೀಲಕ್ಕ, ನಿಮ್ಮ ಸೀರೆ ಅಂಚು ಎಂತ ಹೀಗೆ?" "ಡಿಸೈನ್ ಐತ್ರಿ." "ನಿನ್ನೆಯೂ ಇದೇ ಸೀರೆ." "ನನಗ ಸೇರತೈತಿ ಈ ಸೀರಿ." "ಮನೆಯಲ್ಲಿ ಎಲ್ಲ ಸರಿ ಉಂಟಲ್ಲ?" "ಬಂಗಾರದಂಗ ಐತಿ." ಸಂಜೀಕ ಅಕಿ ಒಂದು ಹತ್ತಿ ಸೀರಿ ತಂದು, "ಇದು ನನಗೆ ಉದ್ದ ಸಾಲುದಿಲ್ಲ, ನೀವೇ ಉಟ್ಟು ಹಳತು ಮಾಡಿ" ಅಂತ ಇಟ್ಟು ಹೋದಳು. ನಾ ಅದರ ಮ್ಯಾಲ ರೊಟ್ಟಿ ಒಣಗ ಹಾಕಿದೆ. ಹಂತಾ ಹಟದಾಕಿ ನಾ.

ಮೂರನೇ ದಿನ ಹಂಚೂದು. ಟೆಂಪೋ ತುಂಬಿತು. ಮಾಸ್ತರು ಕಾಗದ ತಗದು ಮೊದಲನೇ ಚಾಳಿನ ಹೆಸರು ಓದಿದ್ರು. ಯಾವ ಚಾಳ? ನಮ್ಮದs! "ನೀಲಕ್ಕಾರ, ನಿಮಗ ಆ ಕಡೆ ಓಣಿ ಗೊತ್ತದಲ್ಲ, ಮುಂದ ಕುಂಡ್ರಿ" ಅಂದ್ರು. ಕುಂತೆ. ಡ್ರೈವರಗ ಎಡಕ್ಕ ಅಂತ ಹೇಳೂದು ಬಿಟ್ಟು ಬಲಕ್ಕ ಅಂತ ಹೇಳಿದೆ, ಅಲ್ಲಿ ನೀರಿತ್ತು, ಹೊಳ್ಳಿ ಎಡಕ್ಕ ಬರಬೇಕಾತು. ದೇವರು ಸುಳ್ಳು ಹೇಳಾಕೂ ಒಣಾ ಜಾಗಾ ಇಟ್ಟಿರಲಿಲ್ಲ.

ಟೆಂಪೋ ಚಾಳಿನ ಮುಂದ ನಿಂತು ಶೆಟ್ಟರು, "ಬನ್ನಿ, ಲೈನ್ ಮಾಡಿ, ಆವೋ ಆವೋ" ಅಂತ ಕೂಗಿದ್ರು. ನಾಕು ಮಂದಿ ಬಂದ್ರು, ಅಷ್ಟ. ಉಳಿದವರು ಕದಾ ಮುಂದಕ್ಕ ಮಾಡಿಕೊಂಡು ಒಳಗ ಕುಂತಾರ. ಶೆಟ್ಟರಿಗೆ ಆಶ್ಚರ್ಯ, "ಹಸಿವಿಲ್ಲವಾ ಇವರಿಗೆ?" ಹಸಿವು ಇತ್ತು. ನನಗ ಗೊತ್ತಿತ್ತು. ಗಂಡಸರು ಕಾರಖಾನಿಗೆ, ಹೆಂಗಸರು ಪಾಪಡ ಲಟ್ಟಸಾಕ ಹೋಗಿ ದುಡಕೊಂಡು ತಿನ್ನೂ ಮಂದಿ, ಊರ ಮುಂದ ಲೈನಿನಾಗ ನಿಂತು ಕೈ ಚಾಚೂದು ಹೆಂಗ? ನಾ ಟೆಂಪೋದಾಗ ಇರಲಿಲ್ಲ ಅಂದ್ರ ನಾನೂ ಕದದ ಹಿಂದs ಇರ್ತಿದ್ದೆ. ಮೊದಲು ಬಂದಾಂವ ಸಾಳುಂಕೆ ಕಾಕಾ, ನಮ್ಮ ಸಾಲಿನ ಮುದುಕ, ಹೆಣತಿ ಹಿಂದಿಂದ ನೂಕಿದ್ದಕ್ಕ ಬಂದಿದ್ದ. ತಲಿ ಕೆಳಗ ಹಾಕಿ ಕೈ ಮುಂದ ಮಾಡಿದ.

ಈಗ ನೋಡ್ರಿ ಮಜಾ. ಶೆಟ್ಟರು ಶಾಲು ತಗೊಂಡ್ರು. ತಗೊಂಡು ಮುದುಕನ ಕೈಯಾಗ ಇಡಬೇಕಲ್ಲ? ಇಡಾಕ ಅವರ ಕೈಗೆ ಬರೂದೇ ಇಲ್ಲ! ಮೂವತ್ತು ವರ್ಷದ ರೂಢಿ. ಶಾಲು ಕೈಯಾಗ ಬಂತು ಅಂದ್ರ ಕೈ ತಾನ ಮ್ಯಾಲ ಏರತೈತಿ. ಝಾಡಿಸಿ, ಮಡಿಕಿ ಬಿಚ್ಚಿ, ಮುದುಕನ ಹೆಗಲ ಮ್ಯಾಲ ಹೊದಿಸಿಬಿಟ್ರು. ಅದನ್ನ ನೋಡಿ ಮಾಸ್ತರ ಕೈ ಸುಮ್ಮನಿದ್ದೀತ? ಪೇಟ ತೊಡಿಸಿದ್ರು. ಜಲಜಕ್ಕ ರೊಟ್ಟಿ ಗಂಟು, ಬಿಸಿ ಅನ್ನದ ಪೊಟ್ಟಣ, ಶೇಂಗಾ ಚಟ್ನಿ, ಬಾಳಿಹಣ್ಣು ತಾಟಿನಾಗ ಇಟ್ಟು ಎರಡೂ ಕೈಯಿಂದ ಕೊಟ್ಟಳು. ಮೂವರೂ ಕೈ ಮುಗದು ಫೋಟೋಕ್ಕ ಹೊಳ್ಳಿ ನಿಂತ್ರು. ಟೆಂಪೋದಾಗಿನ ಮಂದಿ ಚಪ್ಪಾಳಿ ತಟ್ಟಿದ್ರು! ಯಾಕ ತಟ್ಟಿದ್ರಿ ಅಂತ ಆಮ್ಯಾಲ ಕೇಳಿದ್ರ, ಯಾರಿಗೂ ಗೊತ್ತಿಲ್ಲ, ಶಾಲು ಹೊದಿಸಿದ್ರ ತಟ್ಟೂದು, ಅಷ್ಟ. ಸಾಳುಂಕೆ ಕಾಕಾ ನಿಂತಲ್ಲೇ ಎರಡಂಗುಲ ಉದ್ದ ಆದ. "ಮೀ ಕಾಯ್ ಕೇಲಂ?" ಅಂತ ಕೇಳಿದ, ನಾ ಏನು ಮಾಡೀನಿ ಅಂತ. ಮಾಸ್ತರು ಗಂಭೀರ ಆಗಿ, "ಆಪಣ್ ಮೋಠೇ ಆಹಾತ್, ನೀವು ದೊಡ್ಡವರು" ಅಂದ್ರು. ಏನು ಹೇಳಬೇಕು ತಿಳೀದಾಗ ಸ್ಟೇಜಿನ ಮ್ಯಾಲ ಹಂಗ ಹೇಳೂದು ಅವರ ರೂಢಿ.

ಒಂದು ಕದಾ ತಗೀತು. ಇನ್ನೊಂದು ತಗೀತು. ಚಪ್ಪಾಳಿ ಕೇಳಿ ಹೆಂಗಸರು ಹಣಕಿ ಹಾಕಿದ್ರು. ಬೇಡಾಕ ಬರಲಾರದ ಮಂದಿ ಸನ್ಮಾನಕ್ಕ ಬಂದ್ರಲ್ಲ, ತಲಿ ಬಾಚಿಕೊಂಡು! ಭಾಜಿ, ಕಾಯಿಪಲ್ಯೆ ಮಾರೂ ಭೈಯಾ ಪೇಟ ಹಾಕ್ಕೊಂಡು ಊರಾಗಿನ ಹೆಣತಿಗೆ ವಿಡಿಯೋ ಕಾಲ್ ಹಚ್ಚಿದ. ಹುಡುಗರು ರೊಟ್ಟಿನ ಪಾಪಡ ಅಂತ ತಿಳಕೊಂಡು ಕಟಮ್ ಕಟಮ್ ಕಡದ್ರು. ವಂದನಾತಾಯಿ ಹೂ ಮುಡಕೊಂಡು ಇಳದು ಬಂದಳು. "ಅಗೋ, ನಿನ್ನ ಮನ್ಯಾಗ ನೀರs ಬಂದಿಲ್ಲಲ್ಲ" ಅಂದ್ರು ಯಾರೋ. "ಆಣಿ ಜಿನಾ ಕೋಣಾಚಾ?" ಅಂದಳು, ನೀವೆಲ್ಲಾ ಕುಂತ ಜಿನೇ ಯಾರದು ಅಂತ. ಖರೇನ, ಅಕಿಗೂ ಒಂದು ಹೊದಿಸಿದ್ರು. ನಾ ಇದನ್ನೆಲ್ಲಾ ಟೆಂಪೋದ ಮರಿಗೆ ನಿಂತು, ಸೆರಗು ತಲಿ ಮ್ಯಾಲ ಹೊತಗೊಂಡು ನೋಡಾಕ ಹತ್ತಿದ್ದೆ. ಮಾಸ್ತರ ಕೈಯಾಗ ಚಾಳಿನವರು ಬರಕೊಟ್ಟ ಪಟ್ಟಿ ಇತ್ತು, ಮರಾಠಿ ಒಳಗ. ತಲಿಕೆಳಗ ಓದಾಕ ನನಗ ಬರತೈತಿ, ರದ್ದಿ ಪೇಪರು ಯಾವತ್ತೂ ಸರಿ ಕಡೆ ಇರೂದಿಲ್ಲ. ಎಂಟು ಆತು, ಅದರ ಕೆಳಗ: ಖೋಲಿ ಒಂಬತ್ತು, ನೀಲಾತಾಯಿ ಭಾಕರಿವಾಲಿ, ಅಂದ್ರ ರೊಟ್ಟಿ ಮಾರೂ ನೀಲಕ್ಕ, ನಾನs.

"ಒಂಬತ್ತು" ಅಂದ್ರು ಮಾಸ್ತರು. ಓದೂ ಚಾಳೀಸು, ಕನ್ನಡಕ, ಕಣ್ಣ ಮುಂದ ಇದ್ದಿಲ್ಲ, ಹೆಸರು ಕಾಣಲಿಲ್ಲ ಅವರಿಗೆ. ನಾ ಲಗೂನ ಅಂದೆ, "ಒಂಬತ್ತು ಖಾಲಿ ಐತ್ರಿ. ಯಾರೂ ಇಲ್ಲ ಅಲ್ಲಿ." "ಖಾಲಿ ಅಂತ ಬರೀಲೇನು?" "ಬರೀರಿ." ವಂದನಾತಾಯಿಗೆ ಕನ್ನಡ ಬರೂದಿಲ್ಲ, ಆದ್ರ ಖಾಲಿ ಅನ್ನೂದು ಎಲ್ಲಾ ಭಾಷಾದಾಗೂ ಖಾಲೀನ ಅಲ್ಲ? ಶಾಲು ಹೊತ್ತಾಕಿ ಮುಂದ ಬಂದು, "ಖಾಲಿ? ಹೀ ಕಾಯ್ ಉಭೀ ಆಹೇ!" ಅಂತ ನನ್ನ ರಟ್ಟಿ ಹಿಡದು ಎಳದು ಎಲ್ಲಾರ ಮುಂದ ನಿಲ್ಲಿಸಿಬಿಟ್ಟಳು. ಇಕಿನ ನಿಂತಾಳಲ್ಲ ಅಂತ.

ಎಲ್ಲಾರೂ ನನ್ನ ಬಿಟ್ಟು ಒಂಬತ್ತನೇ ಖೋಲಿ ಕಡೆ ಹೊಳ್ಳಿದ್ರು. ನನ್ನ ಖೋಲಿ ಕದಾ ತಗದಿತ್ತು, ರಾಡಿ ಕಾಣತಿತ್ತು, ನಡುವ ನನ್ನ ಗಾದಿ ಸತ್ತ ಎಮ್ಮಿ ಹಂಗ ಬಿದ್ದಿತ್ತು. ಮಾಸ್ತರು ನಿಧಾನಕ್ಕ, "ನೀಲಕ್ಕಾರ, ನಿಮ್ಮದು ಮ್ಯಾಲ ಅದ ಅಂದಿದ್ರಿ." "ಪೋಟಮಾಳಾ ಮ್ಯಾಲೇ ಐತಲ್ರಿ" ಅಂದೆ. ನಗತಾರ ಅಂತ ಮಾಡಿದ್ದೆ. ಯಾರೂ ನಗಲಿಲ್ಲ. ಜಲಜಕ್ಕ ಒಂದು ಶಾಲು ತಗೊಂಡು ಬಂದಳು. ನಾ ಹಿಂದ ಸರದೆ. "ಬ್ಯಾಡ್ರಿ. ನಾ ಕೊಡಾಕ ಬಂದಾಕಿ." ಮಾಸ್ತರ ಫೋನ್ ಆಗಲೇ ಮ್ಯಾಲ ಎದ್ದಿತ್ತು, ಅವರ ತಪ್ಪಲ್ಲ, ಅದೂ ರೂಢಿ. "ಫೋಟೋ ಅಂತೂ ಬ್ಯಾಡೇ ಬ್ಯಾಡ!" ಅಂತ ಚೀರಿದೆ. ಜಲಜಕ್ಕ ಕಿವಿ ಹಂತೇಕ ಬಂದು, "ಯಾಕೆ ಬೇಡ, ಹೇಳಿ" ಅಂದಳು. ಮೂರು ದಿನದಾಗ ಮೊದಲನೇ ಖರೆ ಮಾತು ಆವಾಗ ಹೇಳಿದೆ, "ಮಗ ಗ್ರೂಪಿನಾಗ ಅದಾನ. ನೀರು ಹೊಕ್ಕದ್ದು ಗೊತ್ತಾತು ಅಂದ್ರ ಖೋಲಿ ಬಿಡಸ್ತಾನ. ನನ್ನ ಕೆಲಸಾ ಹೋಗತೈತಿ."

ಅಕಿ ಮಾಸ್ತರ ಕೈಯಾಗಿನ ಫೋನ್ ಕಸಗೊಂಡು ಅಲ್ಲೀತನಕ ತಗದ ಫೋಟೋ ಒಂದೊಂದೇ ನನಗ ತೋರಿಸಿದಳು. "ನೋಡಿ ನೀಲಕ್ಕ. ಇದರಲ್ಲಿ ನೆರೆ ಎಲ್ಲುಂಟು?" ನೋಡಿದೆ. ಸಾಳುಂಕೆ ಕಾಕಾ ಪೇಟ ಹಾಕ್ಕೊಂಡು ರಿಟೈರ್ ಆದ ಸಾಹೇಬ ನಿಂತಂಗ ನಿಂತಾನ. ಭಾಜಿ ಭೈಯಾ ಮದಿಮಗ. ಒಬ್ಬರೂ ಮುಳುಗಿದವರಂಗ ಕಾಣವಲ್ರು. "ಇವರು ಕೊಟ್ಟವರಾ, ತಕ್ಕೊಂಡವರಾ, ಯಾರಿಗೆ ಗೊತ್ತಾಗ್ತದೆ? ನಿಮ್ಮ ಮಗನಿಗೆ ಮಾತ್ರ ಗೊತ್ತಾಗ್ತದಾ? ತಲೆ ಬಗ್ಗಿಸಿ ಮಾರಾಯ್ತಿ, ನನ್ನ ಕೈ ನೋಯ್ತದೆ" ಅಂದಳು. ಬಗ್ಗಿಸಿದೆ. ಹೊದಿಸಿದ ಶಾಲಿನ ಚೀಟಿ ಇನ್ನೂ ಹಂಗ ಇತ್ತು, ಮಾಸ್ತರ ಹೆಸರಿನದು. ಆದ್ರ ಬೆಚ್ಚಗಿತ್ತು. ಜೀವನದಾಗ ನನಗ ಹೊದಿಸಿದ ಮೊದಲನೇ ಶಾಲು, ಅದೂ ಉಡಾಕ ನನ್ನದಂತ ಎರಡನೇ ಸೀರಿ ಇಲ್ಲದ ದಿನ. ಕಣ್ಣಾಗ ನೀರು ಬಂತು ಅಂತ ತಿಳಕೋಬ್ಯಾಡ್ರಿ. ಬಂದ್ರೂ ಏನಾತು, ಊರ ತುಂಬ ನೀರಿತ್ತು. ತಾಟಿನಾಗ ಹತ್ತು ರೊಟ್ಟಿ ಇಟ್ಟು ಕೊಟ್ರು. ನಾನ ಬಡದ ರೊಟ್ಟಿ! ಎರಡೂ ಕೈಯಿಂದ ತಗೊಂಡೆ. ಮಾಸ್ತರು ಚಪ್ಪಾಳಿ ತಟ್ಟಿದ್ರು, ಈ ಸಲ ಯಾಕ ಅಂತ ಅವರಿಗೆ ಗೊತ್ತಿತ್ತು ಅನಸತೈತಿ, ಬಹಳ ಹೊತ್ತು ತಟ್ಟಿದ್ರು.

ಫೋಟೋ ಗ್ರೂಪಿನಾಗ ಹೋತು. ಸಂಜೀಕ ನಿಮ್ಮಪ್ಪ, "ಅವ್ವಾ! ಸನ್ಮಾನ ಆತಂತ! ನನಗೊಂದು ಮಾತು ಹೇಳಲಿಲ್ಲ!" "ಏನು ಹೇಳೂದಪಾ, ಅವರs ಒತ್ತಾಯ ಮಾಡಿದ್ರು" ಅಂದೆ. ರಸ್ತಾ ಚಾಲೂ ಆದ ಮ್ಯಾಲ ರವಿವಾರ ಪೇಡೆ ತಗೊಂಡು ಬಂದ. ನಾ ಅಷ್ಟರಾಗ ರಾಡಿ ತೊಳದಿದ್ದೆ. ಆದ್ರ ಗ್ವಾಡಿಗೆ ಒಂದು ಗೆರಿ ಬಿದ್ದಿತ್ತು, ನಾಕೂ ಕಡೆ, ಸೊಂಟದ ಮಟಾ, ದಾರ ಹಿಡದು ಎಳದಂಗ. ಒಂದು ಕ್ಯಾಲೆಂಡರ್ ಹಾಕಿದೆ, ನಾಕು ಗ್ವಾಡಿಗೆ ಎಷ್ಟಂತ ಕ್ಯಾಲೆಂಡರ್ ಹಾಕೂದು? ನಿಮ್ಮಪ್ಪ ಬಂದು ಕುಂಡ್ರಲಿಲ್ಲ. ಗೆರಿ ನೋಡಿದ. ನಾ ಚಾ ಸೋಸಕೋತ ನಿಂತಿದ್ದೆ, ಈಗ ಟೆಂಪೋ ಅಂತಾನ, ಈಗ ಅಂತಾನ. ಆಂವ ಗೆರಿ ಮ್ಯಾಲ ಬೆರಳಾಡಿಸಿದ, ಆ ಕಡೆ ಈ ಕಡೆ ನೋಡಿದ, ಒಂದು ಪೇಡೆ ಬಾಯಾಗ ಹಾಕ್ಕೊಂಡ. "ಅವ್ವಾ, ಸನ್ಮಾನ ಆದವರ ಮನಿ ಇದು, ಮಂದಿ ಬರ್ತಾರ. ಬಣ್ಣಾ ಹಚ್ಚಸೂಣು" ಅಂದ. ಹಚ್ಚಿಸಿದ. ಗೌಂಡಿನ್ನ ಕರಸಿ ಮೋರಿ ಕಟ್ಟಿ ಎತ್ತರ ಮಾಡಿಸಿ, ತೂತಿಗೆ ಮುಚ್ಚಳ ಕೂಡಿಸಿದ. "ಇದ್ಯಾಕಪಾ?" ಅಂದೆ. "ಜೊಂಡಿಗಿ, ಜಿರಳಿ ಬರ್ತಾವು" ಅಂದ. ಉದ್ದ ಕಾಲಿನ ಕಬ್ಬಿಣದ ಮಂಚ ತಂದ, ಹತ್ತಾಕ ನನಗ ಸ್ಟೂಲ್ ಬೇಕಾಗತೈತಿ. "ಸನ್ಮಾನ ಆದವರು ಎತ್ತರ ಕುಂಡರಬೇಕವ್ವಾ" ಅಂದ. ಟೆಂಪೋದ ಮಾತು ಆವತ್ತೂ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ಏನು? "ಆಜಿ, ಪಪ್ಪಾ ಕೋ ಸಬ್ ಪತಾ ಹೈ?" ಸುಮ್ಮನಿರು. ನಿಮ್ಮಪ್ಪಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಆಂವ ಇಷ್ಟು ವರ್ಷ ಎಷ್ಟು ಕಷ್ಟಪಟ್ಟು ನಡಕೊಂಡು ಬಂದಾನ, ನೀ ಹೋಗಿ ಅದನ್ನ ಕೆಡಸಬ್ಯಾಡ. ನಿಮಗ ಇಷ್ಟ ಹೇಳ್ತೀನಿ ಕೇಳ್ರಿ: ಯಾರರೆ ಹೊದಸಾಕ ಬಂದ್ರ ಯಾಕ ಅಂತ ಕೇಳಕೋತ ನಿಂದ್ರಬ್ಯಾಡ್ರಿ, ಕುತ್ತಿಗಿ ಬಗ್ಗಸ್ರಿ. ಅವರ ಕೈ ನೋಯ್ತಾವು.